ಬೆಲ್ಲ-ಸುಣ್ಣದ ಭಟ್ಟರು

ಗಣಪಯ್ಯ ಭಟ್ಟರು ಬಂದರೆ ನನ್ನ ಅಂಗಡಿಯೆಲ್ಲ ಸುಟ್ಟ ಬೆಲ್ಲದ ವಾಸನೆ. ಪಾಯಸ ತಳ ಹಿಡಿದಾಗ ಅಡುಗೆಮನೆಯಿಂದ ಬರುತ್ತದಲ್ಲ, ಅದೇ ವಾಸನೆ, ಜೊತೆಗೆ ಒಂದಿಷ್ಟು ಪೆಟ್ರೋಲಿನ ಹೊಗೆ. ಗಾಡಿಯ ಸದ್ದು ಕೇಳಿದಾಗ ಯಾವುದೋ ಲಾರಿ ಇರಬಹುದು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಬಹುದಿತ್ತು. ವಾಸನೆ ಬಂದ ಮೇಲೆ ಆ ಆಸೆಯೂ ಉಳಿಯುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಬಂತಪ್ಪ ಎಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದೆ.

ಕೊಪ್ಪದಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರೈಲರಿನ ಕೊಂಡಿ, ಶಾಲೆಯ ಬೆಂಚಿನ ಮುರಿದ ಕಾಲು, ಏನು ತಂದರೂ ಬೆಸೆದು ಕೊಡುತ್ತೇನೆ. ಮೀಸೆ ಮೂಡುವ ಮೊದಲಿಂದ ಇದೇ ಕೆಲಸ. ಬೆಂಕಿ ನೋಡಿ ನೋಡಿ ಕಣ್ಣು ಸೋತಿದೆ, ಬಗ್ಗಿ ಬಗ್ಗಿ ಸೊಂಟ ಸೋತಿದೆ. ಒಮ್ಮೆ ಬೆಸೆದದ್ದು ಎರಡನೇ ಸಲ ನನ್ನ ಬಾಗಿಲಿಗೆ ಬರಬಾರದು ಎಂಬ ಹಟವೊಂದು ಮಾತ್ರ ಇನ್ನೂ ಗಟ್ಟಿಯಾಗಿದೆ. ಆ ಹಟವನ್ನು ಮಣ್ಣುಪಾಲು ಮಾಡಿದ್ದು ಇಡೀ ತಾಲ್ಲೂಕಿನಲ್ಲಿ ಒಂದೇ ಒಂದು ವಸ್ತು, ಭಟ್ಟರ ಗಾಡಿಯ ಎಡಗಡೆಯ ಸೈಲೆನ್ಸರು.

ಭಟ್ಟರು ಅಡುಗೆಯವರು. ಮನೆ ಶೃಂಗೇರಿಯಿಂದ ಇನ್ನೂ ಸ್ವಲ್ಪ ಒಳಗೆ. ತೆಳ್ಳಗೆ, ಉದ್ದಕ್ಕೆ, ಒಲೆಯ ಮುಂದೆ ಬದುಕಿದವರಿಗೆ ಇರುವ ಒಣಗಿದ ಮೈ. ಮೇಲಕ್ಕೆತ್ತಿ ಕಟ್ಟಿದ ಪಂಚೆ, ಅರ್ಧ ತೋಳಿನ ಅಂಗಿ, ತಲೆಗೆ ಬೈರಾಸು ಸುತ್ತಿ ಅದರ ಮೇಲೆ ಹೆಲ್ಮೆಟ್ಟು. ಟೆಂಪೋ ತುಂಬ ಪಾತ್ರೆ, ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರು, ಕೊನೆಗೊಂದು ಐಸ್‌ಕ್ರೀಮು ಅಂತ ಕೇಟರಿಂಗಿನವರು ಬಂದು ದೊಡ್ಡ ಮದುವೆಗಳನ್ನೆಲ್ಲ ಎತ್ತಿಕೊಂಡು ಹೋದ ಮೇಲೆ ಇವರಿಗೆ ಉಳಿದದ್ದು ಸತ್ಯನಾರಾಯಣ ಪೂಜೆ, ತಿಥಿ, ಗೃಹಪ್ರವೇಶ, ಮನೆಯೊಳಗೇ ಮುಗಿಯುವ ಸಣ್ಣ ಊಟಗಳು. ಅದರಲ್ಲಿ ಅವರಿಗೆ ಬೇಸರ ಇದ್ದಂತೆ ಕಾಣಲಿಲ್ಲ. “ಸಣ್ಣ ಪಾತ್ರೇಲಿ ರುಚಿ ಕೂರುತ್ತೆ ಮಾರಾಯ, ದೊಡ್ಡದ್ರಲ್ಲಿ ಬರೀ ಬೇಯುತ್ತೆ” ಎನ್ನುತ್ತಿದ್ದರು.

ಇನ್ನು ಗಾಡಿ. ಅದು ಇಂಗ್ಲೆಂಡಿನ ಹಳೇ ಬೈಕು. ಎರಡು ಸಿಲಿಂಡರು, ಎರಡು ಕಡೆ ಎರಡು ಸೈಲೆನ್ಸರು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಟ್ಟುಗಳೆಲ್ಲ ಹಳೇ ಇಂಚಿನ ಅಳತೆಯವು, ನಮ್ಮ ಸ್ಪ್ಯಾನರು ಒಂದೂ ಸರಿಯಾಗಿ ಕೂರುವುದಿಲ್ಲ. ಜಯಪುರದ ಕಡೆಯ ತೋಟದ ಸಾಹುಕಾರರೊಬ್ಬರ ಮನೆಯ ಶೆಡ್ಡಿನಲ್ಲಿ ಅದು ಕೋಳಿಗಳು ಕೂರುವ ಕಂಬವಾಗಿತ್ತಂತೆ. ಸಾಹುಕಾರರ ಮಗಳ ಮದುವೆಯ ಅಡುಗೆಗೆ ಹೋಗಿದ್ದ ಭಟ್ಟರು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಸಾಹುಕಾರರು ತಮಾಷೆಗೆ, “ಸ್ಟಾರ್ಟ್ ಮಾಡಿದ್ರೆ ನಿಮ್ದೇ ಭಟ್ರೇ” ಎಂದರಂತೆ. ಊಟ ಬಡಿಸಿ ಮುಗಿದ ಮೇಲೆ ಭಟ್ಟರು ಪಂಚೆ ಕಚ್ಚೆ ಹಾಕಿ ಸಂಜೆಯವರೆಗೂ ಕಿಕ್ಕರು ತುಳಿದರು. ಕತ್ತಲಾಗುವ ಹೊತ್ತಿಗೆ ಗಾಡಿ ಒಂದು ಸಲ ಸೀನಿ, ಹೊಗೆ ಉಗುಳಿ, ಹೊರಟಿತು. ಸಾಹುಕಾರರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅನುಭವಿಸಿದ್ದು ನಾನು.

ಎಡಗಡೆಯ ಸೈಲೆನ್ಸರು ಒಡೆಯುವುದು ಯಾವಾಗಲೂ ಒಂದೇ ಜಾಗದಲ್ಲಿ, ಗಾಡಿಗೆ ಹಿಡಿದು ನಿಲ್ಲಿಸುವ ಕ್ಲಾಂಪಿನ ಪಕ್ಕದಲ್ಲಿ. ಅಲ್ಲಿ ಕೂದಲೆಳೆಯಷ್ಟು ಸೀಳು ಬೀಳುತ್ತದೆ, ಗಾಡಿ ಅದುರಿದಂತೆಲ್ಲ ಉದ್ದಕ್ಕೆ ಓಡುತ್ತದೆ. ಇದಕ್ಕೆ ಇರುವ ಮದ್ದು ಗೊತ್ತಿರುವಂಥದ್ದೇ. ಸೀಳಿನ ತುದಿಗೆ ಸಣ್ಣ ತೂತು ಹೊಡೆದು ಅದು ಮುಂದೆ ಓಡದಂತೆ ಮಾಡಬೇಕು, ಆಮೇಲೆ ಗ್ಯಾಸಿನ ಬೆಂಕಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಮೆಲ್ಲಗೆ ಬೆಸೆಯಬೇಕು. ಆದರೆ ಆ ತಗಡು ಒಳಗಿನಿಂದ ತುಕ್ಕು ತಿಂದು ಹಪ್ಪಳವಾಗಿತ್ತು. ಬೆಂಕಿ ಒಂದು ಚೂರು ಹೆಚ್ಚಾದರೆ ತೂತು, ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ. ಉಸಿರು ಬಿಗಿಹಿಡಿದು ಮಾಡಬೇಕಾದ ಕೆಲಸ.

ಅದಾದರೂ ಮಾಡಬಹುದಿತ್ತು. ಮಾಡಲಾಗದ್ದು ಬೆಲ್ಲ.

ಮೊದಲ ಸಲ ಗಾಡಿ ತಂದಾಗ ಸೈಲೆನ್ಸರಿನ ಹೊಟ್ಟೆಗೆ ಕಪ್ಪು ಬಟ್ಟೆಯೊಂದು ಸುತ್ತಿಕೊಂಡಿತ್ತು. ಡಾಂಬರಿನ ಹಾಗೆ ಗಟ್ಟಿ. ಉಳಿ ಹಾಕಿ ಹೊಡೆದರೂ ಬರಲಿಲ್ಲ.

“ಇದೆಂತದು ಭಟ್ರೇ ಮೆತ್ತಿದ್ದು?”

“ಬೆಲ್ಲ-ಸುಣ್ಣ ಮಾರಾಯ. ಎಲೆ ಡಬ್ಬಿಲಿ ಸುಣ್ಣ ಇತ್ತು, ಚೀಲದಲ್ಲಿ ಪಾಯಸಕ್ಕೆ ತಂದ ಬೆಲ್ಲ ಇತ್ತು. ಕಲಸಿ, ಹಳೇ ಪಂಚೆ ಹರಿದು ಸುತ್ತಿದೆ. ನನ್ನ ಅಜ್ಜ ಸೋರೋ ಕೊಪ್ಪರಿಗೆಗೆ ಇದನ್ನೇ ಮೆತ್ತಿ ಊರಿಗೆಲ್ಲ ಅನ್ನ ಹಾಕಿದ್ದಾರೆ.”

“ಕೊಪ್ಪರಿಗೆ ಇಟ್ಟಲ್ಲಿ ಕೂತಿರುತ್ತೆ. ಇದು ಓಡುತ್ತೆ.”

“ಓಡ್ಲಿ. ಬಿಸಿಗೆ ಬೆಲ್ಲ ಪಾಕ ಆಗುತ್ತೆ, ಪಾಕ ಆದ್ಮೇಲೆ ಕಲ್ಲು. ಒಂದು ತಿಥಿ, ಒಂದು ಪೂಜೆ ಮುಗಿಸ್ಕೊಂಡು ಬರೋತನಕ ತಡೀತಲ್ಲ, ಮತ್ತೆಂತ ಬೇಕು?”

ತಡೆದದ್ದು ನಿಜ. ಆದರೆ ಸುಟ್ಟ ಬೆಲ್ಲ ಅಂಟಿದ ತಗಡಿಗೆ ಬೆಸುಗೆ ಹಿಡಿಯುವುದಿಲ್ಲ. ಕೆರೆದು, ಉಜ್ಜಿ, ತಗಡು ಬಿಳಿಯಾಗುವವರೆಗೂ ತಿಕ್ಕಬೇಕು. ಬೆಸೆಯುವುದಕ್ಕಿಂತ ತಿಕ್ಕುವುದಕ್ಕೇ ನನ್ನ ಮಧ್ಯಾಹ್ನ ಹೋಗುತ್ತಿತ್ತು. ಇನ್ನು ಬೆಲ್ಲ ಮುಟ್ಟಬೇಡಿ, ಒಡೆದರೆ ಹಾಗೇ ಬನ್ನಿ ಎಂದು ಕೈಮುಗಿದು ಹೇಳಿದೆ. “ಆಯ್ತು ಮಾರಾಯ” ಎಂದರು. ಮುಂದಿನ ಸಲ ಮತ್ತೆ ಅದೇ ವಾಸನೆ. ಬೈದರೆ ಅವರದೊಂದು ಉತ್ತರ ಸಿದ್ಧವಿತ್ತು. “ಮುಚ್ಚಳ ಇಲ್ಲದ ಪಾತ್ರೆ, ಸೈಲೆನ್ಸರ್ ಒಡೆದ ಗಾಡಿ, ಎರಡೂ ಊರಿಗೆಲ್ಲ ಗುಟ್ಟು ಹೇಳುತ್ವೆ. ತಿಥಿ ಮನೆ ಅಂಗಳಕ್ಕೆ ಹಾಗೆ ಹೋಗೋಕಾಗುತ್ತಾ?”

ಒಡೆಯಲು ಕಾರಣವೂ ಕಣ್ಣೆದುರಿಗೇ ಇತ್ತು. ಸೌಟು, ಜಾರೆ, ಸಟ್ಟುಗ, ಒಂದು ಭಾರದ ಕಬ್ಬಿಣದ ಕಾವಲಿ, ಇವನ್ನೆಲ್ಲ ಗೋಣಿಯಲ್ಲಿ ಸುತ್ತಿ ಎಡಗಡೆಗೆ ತೂಗುಬಿಟ್ಟು, ಹಗ್ಗದ ತುದಿಯನ್ನು ಸರಿಯಾಗಿ ಆ ಕ್ಲಾಂಪಿಗೇ ಬಿಗಿಯುತ್ತಿದ್ದರು. ಶೃಂಗೇರಿಯಿಂದ ಇಲ್ಲಿಯವರೆಗಿನ ಹೊಂಡಗಳಲ್ಲಿ ಆ ಕಾವಲಿ ಕುಣಿದಷ್ಟೂ ಸಲ ತಗಡಿಗೆ ಏಟು. ಆ ಕಡೆ ಕಟ್ಟಬೇಡಿ ಎಂದರೆ, ಬಲಗಡೆ ಕಟ್ಟಿದರೆ ಕಿಕ್ಕರಿಗೆ ಅಡ್ಡ ಬರುತ್ತದೆ ಎನ್ನುವರು. ಹಿಂದೆ ಕಟ್ಟಿ ಎಂದರೆ ಅಲ್ಲಿ ಬಾಳೆಲೆಯ ಕಟ್ಟು ಬರಬೇಕು. ಅವರು ಹೇಳುವುದೂ ಸುಳ್ಳಲ್ಲ. ಹಾಗಾಗಿ ಇದಕ್ಕೆ ಕೊನೆಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೆಸೆಯುವುದು ನನ್ನ ಹಣೆಬರಹ, ಒಡೆಯುವುದು ಅದರದ್ದು.

ಒಮ್ಮೆ ನಾನೇ ಬೇಸತ್ತು ಶಿವಮೊಗ್ಗದಿಂದ ಹೊಸ ಸೈಲೆನ್ಸರು ತರಿಸಿದೆ. ಬೇರೆ ಯಾವುದೋ ಗಾಡಿಯದು, ಕ್ಲಾಂಪು ಬದಲಿಸಿ ಕೂರಿಸಿದರೆ ಚೆನ್ನಾಗಿಯೇ ಕೂತಿತು. ಭಟ್ಟರು ಹತ್ತಿ ಹೋದರು. ಪೀಡೆ ತೊಲಗಿತು ಎಂದು ನಾನು ಬೀಡಿ ಹಚ್ಚಿದೆ. ವಾರ ಕಳೆಯುವುದರೊಳಗೆ ಹಳೆಯದನ್ನು ಗೋಣಿಯಲ್ಲಿ ಸುತ್ತಿಕೊಂಡು ಮತ್ತೆ ಬಂದರು. ಗೃಹಪ್ರವೇಶದ ಮನೆಯಲ್ಲಿ ಸಾರು ಕೆಡಿಸಿಕೊಂಡವರಂತೆ ಮುಖ.

“ಇದನ್ನ ತೆಗಿ ಮಾರಾಯ. ಹಳೇದನ್ನೇ ಬೆಸಿ.”

“ಎಂತಾಯ್ತು? ಒಡೀತಾ?”

“ಒಡೀಲಿಲ್ಲ. ಎಡಗಡೆ ಒಂದು ಸ್ವರ, ಬಲಗಡೆ ಒಂದು ಸ್ವರ. ಇಬ್ಬರು ಜಗಳ ಆಡೋ ಮಧ್ಯ ಕೂತ ಹಾಗೆ ಆಗುತ್ತೆ. ಏರಲ್ಲಿ ಗಾಡಿಗೆ ಎಂತ ಬೇಕು ಅಂತ ನಂಗೆ ತಿಳಿಯೋದಿಲ್ಲ. ಮೊದ್ಲು ಸದ್ದಿನಲ್ಲೇ ತಿಳೀತಿತ್ತು.”

ಹುಚ್ಚು ಎಂದುಕೊಂಡೆ. ಆದರೆ ಅವರ ಕಿವಿ ಎಂಥದ್ದು ಎಂದು ನಾನು ಒಮ್ಮೆ ನೋಡಿದ್ದೆ, ಅದಕ್ಕೇ ಬಾಯಿಮುಚ್ಚಿಕೊಂಡು ಹಳೆಯದನ್ನೇ ಬೆಸೆದೆ.

ಅದು ಮೇಗುಂದದಲ್ಲಿ ನಾನು ಕಟ್ಟಿಸಿದ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶದ ದಿನ. ಅಡುಗೆಗೆ ಭಟ್ಟರನ್ನೇ ಕರೆದಿದ್ದೆ. ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯ ರುಚಿ ನೋಡುವ ಹಾಗಿಲ್ಲವಲ್ಲ. ಮನೆಯ ಹೆಂಗಸರಾದರೆ ಎಷ್ಟೋ ಸಲ ಕದ್ದು ಒಂದು ಹನಿ ನಾಲಿಗೆಗಿಟ್ಟುಕೊಳ್ಳುತ್ತಾರೆ. ಭಟ್ಟರು ಆ ವಿಷಯದಲ್ಲಿ ಕಟ್ಟುನಿಟ್ಟು. ನಮ್ಮಮ್ಮ ಪಾಪ, ಉಪ್ಪು ನೋಡಿ ಎಂದು ಅಂಗೈಗೆ ಒಂದು ತೊಟ್ಟು ಸಾರು ಹಾಕಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು.

“ಬೇಡ ಅಮ್ಮ. ಮೊದಲ ತುತ್ತು ಅವನದ್ದು. ನಂಗೆ ಮೂಗು, ಕಿವಿ ಕೊಟ್ಟಿದ್ದಾನಲ್ಲ, ಸಾಕು.”

ಆಮೇಲೆ ಅವರು ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಸಾರಿನ ಪಾತ್ರೆ, ಹುಳಿಯ ಪಾತ್ರೆ, ಪಾಯಸದ ಪಾತ್ರೆ, ಎಲ್ಲ ಒಟ್ಟಿಗೆ ಕುದಿಯುತ್ತಿದ್ದವು. ಒಳಗೆ ನೆಂಟರ ಗದ್ದಲ. ಭಟ್ಟರು ನಡುವೆ ಕಣ್ಣುಮುಚ್ಚಿ ನಿಂತು, “ಒಂಚೂರು ಮಾತು ನಿಲ್ಸಿ” ಎಂದರು. ಎಲ್ಲ ಸುಮ್ಮನಾದರು. ಅವರು ಪಾಯಸದ ಕಡೆ ಕಿವಿಗೊಟ್ಟು, ಥಟ್ಟನೆ ಹೋಗಿ ಸೌಟು ಹಾಕಿ ತಳದಿಂದ ಎತ್ತಿ ತಿರುವಿದರು. ಬೆಲ್ಲ ಹಾಕಿದ ಪಾಯಸ ತಳ ಹಿಡಿಯುವ ಮುಂಚೆ ಒಂದು ಸಲ ಗೊಣಗುತ್ತದಂತೆ. ಕುದಿಯುವ ಸದ್ದು ಇದ್ದಕ್ಕಿದ್ದಂತೆ ದಪ್ಪವಾಗುತ್ತದಂತೆ. “ಆಗ ಕೈ ಹಾಕಿದ್ರೆ ಉಳೀತು. ವಾಸನೆ ಬಂದ್ಮೇಲೆ ಹಾಕಿದ್ರೆ ದನಕ್ಕೂ ಬೇಡ.” ಅವತ್ತಿನ ಪಾಯಸವನ್ನು ನಮ್ಮ ಕಡೆಯವರು ಈಗಲೂ ನೆನೆಸಿಕೊಳ್ಳುತ್ತಾರೆ.

ಇಂಥ ಮನುಷ್ಯ ಅಂಗಡಿಗೆ ಬಂದರೆ ನನಗೆ ಖುಷಿಯಾಗಬೇಕಿತ್ತು. ಆಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ವರ್ಷ ಹೋದಂತೆ ನನ್ನ ಮೈಯೂ ಕೇಳದಾಯಿತು. ಗ್ಯಾಸ್ ಕೆಲಸ ಬಿಟ್ಟು ಬರೀ ಕರೆಂಟಿನ ವೆಲ್ಡಿಂಗ್ ಇಟ್ಟುಕೋ, ಹಣ ಅದರಲ್ಲೇ ಇರುವುದು ಎಂದು ಮನೆಯಲ್ಲಿ ಹೆಂಡತಿ ದಿನಾ ಹೇಳುತ್ತಿದ್ದಳು. ಆ ಗ್ಯಾಸಿನ ಸಿಲಿಂಡರುಗಳನ್ನು ನಾನು ಇಟ್ಟುಕೊಂಡದ್ದು ಒಂದು ರೀತಿಯಲ್ಲಿ ಭಟ್ಟರ ಸೈಲೆನ್ಸರಿಗಾಗಿಯೇ. ಆ ಹೊತ್ತಿಗೆ ಅದರ ಮೈಮೇಲೆ ಮೂಲದ ತಗಡಿಗಿಂತ ನನ್ನ ತೇಪೆಯೇ ಜಾಸ್ತಿ ಇತ್ತು.

ಕೊನೆಗೊಂದು ಸಲ, ಮಳೆಗಾಲಕ್ಕೆ ಮುಂಚೆ, ಸಿಟ್ಟಿನಲ್ಲೇ ಕೂತು ಅದಕ್ಕೊಂದು ಗತಿ ಕಾಣಿಸಿದೆ. ಹಳೇ ತೇಪೆಯನ್ನೆಲ್ಲ ಕತ್ತರಿಸಿ ತೆಗೆದೆ. ದಪ್ಪ ತಗಡನ್ನು ಬಗ್ಗಿಸಿ ಸೀರೆಯ ಸೆರಗಿನಂತೆ ಸುತ್ತಲೂ ಹೊದೆಸಿದೆ. ಕ್ಲಾಂಪಿನ ಕೆಳಗೆ ಲಾರಿ ಟಯರಿನ ರಬ್ಬರು ಕೊಟ್ಟು ಅದುರುವುದನ್ನು ತಗ್ಗಿಸಿದೆ. ಹಗ್ಗ ಬಿಗಿಯಲು ಬೇರೆಯೇ ಒಂದು ಕೊಂಡಿ ಮಾಡಿ ಸೀಟಿನ ಕೆಳಗೆ ಹಾಕಿ ಕೊಟ್ಟೆ. “ಭಟ್ರೇ, ಇನ್ನು ಇದು ಒಡೆದ್ರೆ ನಾನು ಅಂಗಡಿ ಮುಚ್ತೀನಿ” ಎಂದೆ.

“ಹಾಗೆಲ್ಲ ಹೇಳ್ಬೇಡ” ಎಂದರು. ಗಾಡಿ ಸ್ಟಾರ್ಟ್ ಮಾಡಿ, ತಲೆ ಓರೆ ಮಾಡಿ ಕೇಳಿದರು. “ಸರಿಯಾಯ್ತು ಅನ್ಸುತ್ತೆ” ಎಂದು ಹೊರಟರು. ಆ ‘ಅನ್ಸುತ್ತೆ’ ನನಗೆ ಸ್ವಲ್ಪ ಚುಚ್ಚಿತು. ಅವರು ಯಾವತ್ತೂ ಹಾಗೆ ಅನುಮಾನದಲ್ಲಿ ಮಾತಾಡಿದವರಲ್ಲ.

ಮಳೆಗಾಲ ಬಂತು, ಭಟ್ಟರು ಬರಲಿಲ್ಲ. ಮಳೆಗಾಲ ಹೋಯಿತು, ಆಗಲೂ ಬರಲಿಲ್ಲ. ದಾರಿಯಲ್ಲಿ ಹೋಗುವ ಶೃಂಗೇರಿಯವರನ್ನು ವಿಚಾರಿಸಿದೆ. ಭಟ್ಟರು ಚೆನ್ನಾಗಿದ್ದಾರೆ, ಗಾಡಿಯಲ್ಲೇ ತಿರುಗುತ್ತಾರೆ ಎಂದರು. ನನ್ನ ಎದೆ ಉಬ್ಬಿತು. ಅಂಗಡಿಗೆ ಬಂದವರಿಗೆಲ್ಲ ಆ ಬೆಸುಗೆಯ ಕಥೆ ಹೇಳಿದ್ದೇ ಹೇಳಿದ್ದು. ಒಬ್ಬ ಗಿರಾಕಿ ಗೇಟಿನ ಬೆಸುಗೆ ಗಟ್ಟಿ ಇರುತ್ತದಾ ಎಂದು ಕೇಳಿದ್ದಕ್ಕೆ, ಹೋಗಿ ಗಣಪಯ್ಯ ಭಟ್ಟರ ಗಾಡಿ ನೋಡಿಕೊಂಡು ಬಾ ಎಂದುಬಿಟ್ಟೆ. ಬೆಲ್ಲದ ವಾಸನೆಯಿಲ್ಲದ ಅಂಗಡಿ ಸ್ವಲ್ಪ ಬೋಳಾಗಿ ಕಂಡದ್ದೂ ಉಂಟು. ಆದರೆ ಗೆದ್ದ ಸಮಾಧಾನ ಅದಕ್ಕಿಂತ ದೊಡ್ಡದಿತ್ತು.

ಹೀಗಿರುವಾಗ ಒಂದು ದಿನ ನರಸಿಂಹರಾಜಪುರದ ದಾರಿಯಲ್ಲಿ ಮುತ್ತಿನಕೊಪ್ಪದ ಒಂದು ಮನೆಗೆ ಬಾವಿಯ ಜಾಲರಿ ಕೂರಿಸಲು ಹೋಗಿದ್ದೆ. ಆ ಮನೆಯಲ್ಲಿ ಅವತ್ತು ಸತ್ಯನಾರಾಯಣ ಪೂಜೆ. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕೆಲಸ ಶುರುಮಾಡಿದ್ದೆ, ದೂರದಿಂದ ಅಕ್ಕಿ ಗಿರಣಿಯೇ ಎದ್ದು ಬರುತ್ತಿರುವಂಥ ಸದ್ದು. ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗಿತು. ಮನೆಯ ಯಜಮಾನಿ, ಶಾರದಮ್ಮ ಅಂತ, ಸೆರಗಿನಿಂದ ಕಿವಿ ಮುಚ್ಚಿಕೊಂಡು, “ಬಂದ್ರು ಅಡುಗೆ ಭಟ್ರು” ಎಂದರು.

ಭಟ್ಟರು ಅಂಗಳದಲ್ಲಿ ಗಾಡಿ ನಿಲ್ಲಿಸಿ ನನ್ನನ್ನು ನೋಡಿದರು. ಮುಖವೆಲ್ಲ ನಗು. ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಉಮೇಶ, ಎಂಥ ಕೈಗುಣ ಮಾರಾಯ ನಿಂದು. ಆವತ್ತಿಂದ ಇವತ್ತಿನ ತನಕ ಒಂದು ಚೂರು ಸದ್ದಿಲ್ಲ. ಗಾಡಿ ಹೋಗ್ತಾ ಇದ್ಯೋ ನಿಂತಿದ್ಯೋ ಅಂತಾನೇ ತಿಳಿಯಲ್ಲ.”

ನಾನು ಗಾಡಿಯ ಕಡೆ ನೋಡಿದೆ. ನಾನು ಹೊದೆಸಿದ ತಗಡಿನ ಅಂಚಿನಲ್ಲೇ ಸೈಲೆನ್ಸರು ಬಾಯಿಬಿಟ್ಟಿತ್ತು, ಬೆರಳು ತೂರುವಷ್ಟು ಅಗಲಕ್ಕೆ. ಸೀಳಿನ ಅಂಚು ಕಪ್ಪಾಗಿ, ತುಕ್ಕು ಹಿಡಿದು, ಹಳತಾಗಿತ್ತು. ಅದರ ಮೇಲೆ ಬೆಲ್ಲವಿರಲಿಲ್ಲ, ಸುಣ್ಣವಿರಲಿಲ್ಲ, ಪಂಚೆಯ ಚೂರೂ ಇರಲಿಲ್ಲ. ಅವರು ನನ್ನ ಭುಜ ತಟ್ಟಿ, ಸೌಟಿನ ಗೋಣಿ ಬಿಚ್ಚಿಕೊಂಡು ಒಳಗೆ ಹೋದರು.

ನಾನು ಬಾವಿಯ ಕೆಲಸ ಮುಂದುವರಿಸಿದೆ. ಮಂಗಳಾರತಿಗೆ ಇನ್ನೂ ಹೊತ್ತಿತ್ತು. ಆಗ ಮೂಗಿಗೆ ಬಂತು, ಸುಟ್ಟ ಬೆಲ್ಲದ ವಾಸನೆ. ಅಭ್ಯಾಸಬಲದಿಂದ ಗಾಡಿಯ ಕಡೆ ತಿರುಗಿದೆ. ಗಾಡಿ ತಣ್ಣಗೆ ನಿಂತಿತ್ತು. ವಾಸನೆ ಬರುತ್ತಿದ್ದದ್ದು ಅಡುಗೆಮನೆಯಿಂದ. ಶಾರದಮ್ಮ ಓಡಿಹೋದರು. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಪಾಯಸದ ಪಾತ್ರೆ ಹೊಗೆಯಾಡುತ್ತಿತ್ತು. ಭಟ್ಟರು ಸೌಟು ಹಿಡಿದು, ತಿರುವಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ತಿರುವುತ್ತಿದ್ದರು. ಹಣೆಯ ಮೇಲೆ ಬೆವರು. “ಬೆಲ್ಲ ಸರಿ ಇಲ್ಲ ಅಮ್ಮ, ಈಗೀಗ ಬರೋ ಬೆಲ್ಲ ಬೇಗ ಹಿಡಿಯುತ್ತೆ” ಎನ್ನುತ್ತಿದ್ದರು. ಶಾರದಮ್ಮ ಬೇರೆ ಪಾತ್ರೆ ತಂದಿಟ್ಟರು.

ಆಮೇಲೆ ಶಾರದಮ್ಮ ಹೊರಗೆ ಬಂದು ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದರು. “ಹೋದ ಸಲವೂ ಹೀಗೇ ಆಯ್ತು. ಕಿವಿ ಪೂರ್ತಿ ಹೋಗಿದೆ, ಅವರಿಗೇ ಗೊತ್ತಾಗಿಲ್ಲ. ಒಲೆ ಸದ್ದಲ್ಲಿ, ಗಾಡಿ ಸದ್ದಲ್ಲಿ ಎಲ್ರೂ ಅವರ ಹತ್ರ ಕೂಗಿಯೇ ಮಾತಾಡೋದಲ್ವಾ. ನಮ್ಮವರು ಇನ್ನು ಕರೆಯೋದು ಬೇಡ ಅಂದಿದ್ದಾರೆ. ಬೇರೆ ಕಡೇನೂ ಬಿಟ್ಟಿದ್ದಾರಂತೆ. ಯಾಕೆ ಅಂತ ಮುಖಕ್ಕೆ ಹೇಳೋರು ಯಾರು?”

ಊಟಕ್ಕೆ ಕೂತೆ. ದಾರಿಯ ತಿರುವುಗಳಲ್ಲಿ ಹಿಂದಿನಿಂದ ಬರುವ ಬಸ್ಸುಗಳನ್ನು ನೆನೆಸಿಕೊಂಡೆ. ಹಾರನ್ನು ಕೇಳದವರು ಈ ದಾರಿಯಲ್ಲಿ ಎಷ್ಟು ದಿನ ಉಳಿದಾರು? ಮನೆ ಮನೆಯವರು ಕರೆಯುವುದು ನಿಲ್ಲಿಸುತ್ತಾರೆ, ಇವರು ಬೆಲ್ಲವನ್ನು ಬೈಯುತ್ತ ಕೂರುತ್ತಾರೆ. ಯಾರಾದರೂ ಹೇಳಲೇಬೇಕು. ಹೇಳಬೇಕಾದವನು ನಾನೇ ಎಂದು ಯಾಕೆ ಅನ್ನಿಸಿತೋ. ಬಹುಶಃ ಒಡೆದದ್ದು ನನ್ನ ಬೆಸುಗೆಯಾದ್ದರಿಂದ ಇರಬೇಕು. ಅವರು ಹೊರಡುವಾಗ ಗಾಡಿಯನ್ನು ತೋರಿಸಿ, ಅಂಗಡಿಗೆ ತನ್ನಿ ಎಂದು ಕೈಸನ್ನೆ ಮಾಡಿದೆ. ತಲೆಯಾಡಿಸಿದರು.

ಬಂದರು. ಬೆಲ್ಲದ ವಾಸನೆಯಿಲ್ಲದೆ ಬಂದರು. ಗಾಡಿ ಆರಿಸಲು ಹೋದವರನ್ನು ಬೇಡ ಎಂದು ತಡೆದೆ. ಅದು ಅಂಗಡಿಯ ತಗಡೆಲ್ಲ ನಡುಗುವಂತೆ ಅಬ್ಬರಿಸುತ್ತಿತ್ತು. ಎದುರಿನ ಹೋಟೆಲಿನವರು ಬಾಗಿಲಿಗೆ ಬಂದು ನೋಡಿದರು. ನಾನು ಭಟ್ಟರ ಬಲಗೈ ಹಿಡಿದು, ಬಗ್ಗಿಸಿ, ಸೀಳಿನಿಂದ ಸ್ವಲ್ಪ ದೂರಕ್ಕೆ ಅವರ ಅಂಗೈಯನ್ನು ಒಯ್ದೆ. ಬಿಸಿಗಾಳಿ ಹೊಡೆಯಿತು. ಒಲೆಗೆ ಅಭ್ಯಾಸವಾದ ಕೈ, ಹಿಂದಕ್ಕೆಳೆದುಕೊಳ್ಳಲಿಲ್ಲ. ಅವರು ಸೀಳನ್ನು ನೋಡಿದರು. ಆಮೇಲೆ ಹೋಟೆಲಿನ ಬಾಗಿಲಲ್ಲಿ ಕಿವಿ ಮುಚ್ಚಿಕೊಂಡು ನಿಂತವರನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಅವರೇ ಗಾಡಿ ಆರಿಸಿದರು. ನನ್ನ ಸ್ಟೂಲಿನ ಮೇಲೆ ಕೂತರು.

“ಯಾವಾಗ ಒಡೆದದ್ದು?”

ನಾನು ಹೇಳುವುದು ಬೇಕಿರಲಿಲ್ಲ, ಆ ತುಕ್ಕು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಅವರು ಎಲೆಯ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಏನೂ ಹಾಕಿಕೊಳ್ಳದೆ ಮತ್ತೆ ಮುಚ್ಚಿದರು.

“ಮನೇಲಿ ಇವಳು ಗಾಡಿ ಹೊರಟ ಕೂಡಲೇ ಬಾಗಿಲು ಹಾಕ್ಕೊಳ್ತಿದ್ಲು. ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ.” ಡಬ್ಬಿಯನ್ನು ಕಿಸೆಗೆ ಸೇರಿಸಿ, “ಹಾಗಾದ್ರೆ ಪಾಯಸದ್ದೂ ಬೆಲ್ಲದ ತಪ್ಪಲ್ಲ” ಎಂದರು.

ನಾನು ಅಲ್ಲ ಎಂದು ತಲೆಯಾಡಿಸಿದೆ. ಅಷ್ಟು ಹೇಳಲು ನನಗೆ ಆದ ಸುಸ್ತು ಒಂದು ದಿನದ ದುಡಿಮೆಯಲ್ಲೂ ಆಗಿರಲಿಲ್ಲ.

“ಉಮೇಶ, ಇಷ್ಟು ದಿನ ನಾನು ನಿನ್ನ ಕೈಗುಣ ಅಂದ್ಕೊಂಡಿದ್ದೆ ಮಾರಾಯ.”

ಅವರ ಮುಖದೆದುರಿಗೆ ಬಗ್ಗಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ. “ನಾನೂ ಹಾಗೇ ಅಂದ್ಕೊಂಡಿದ್ದೆ ಭಟ್ರೇ.”

ಅವರಿಗೆ ಅರ್ಥವಾಯಿತು. ಇಬ್ಬರೂ ನಕ್ಕೆವು. ಚೆಂದದ ನಗುವೇನಲ್ಲ, ಬೇರೆ ದಾರಿ ಕಾಣದೆ ಬಂದದ್ದು.

“ಬೆಸಿ” ಎಂದರು. ಬೆಸೆದೆ. ಈ ಸಲ ಕೆರೆಯಲು ಬೆಲ್ಲವಿರಲಿಲ್ಲ, ಕೆಲಸ ಬೇಗ ಮುಗಿಯಬಹುದಿತ್ತು. ಆದರೆ ಯಾವತ್ತೂ ಅಷ್ಟು ನಿಧಾನವಾಗಿ, ಅಷ್ಟು ಮನಸ್ಸಿಟ್ಟು ಬೆಸೆದವನಲ್ಲ ನಾನು. ತಣ್ಣಗಾದ ಮೇಲೆ ಅವರು ಬಂದು ಬೆಸುಗೆಯ ಮೇಲೆ ಬೆರಳಾಡಿಸಿದರು. ಸೌಟಿನ ಗೋಣಿಯನ್ನು ಬಿಚ್ಚಿ ಹೆಗಲಿಗೇರಿಸಿಕೊಂಡರು. ಇಂಚಿನ ಸ್ಪ್ಯಾನರುಗಳ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು.

“ಗಾಡಿ ಇಲ್ಲೇ ಇರ್ಲಿ. ಹಿಂದಿನ ಬಸ್ಸು ಕೇಳದವನು ಆ ತಿರುವಲ್ಲಿ ಹೋಗ್ಬಾರ್ದು. ಆವಾಗಾವಾಗ ಒಂದು ಕಿಕ್ ಹೊಡಿ, ಇಲ್ದಿದ್ರೆ ಒಳಗೆ ಕಚ್ಕೊಳ್ಳುತ್ತೆ.”

ಕಾವಲಿಯ ಭಾರಕ್ಕೆ ಒಂದು ಭುಜ ತಗ್ಗಿಸಿಕೊಂಡು ಬಸ್‌ಸ್ಟ್ಯಾಂಡಿನ ಏರು ಹತ್ತಿ ಹೋದರು. ಇಷ್ಟು ವರ್ಷ ಈ ಗಾಡಿ ಬಾರದಿರಲಿ ಎಂದು ಬೇಡಿಕೊಂಡವನು ನಾನು. ಅವತ್ತು ಅದು ನನ್ನ ಅಂಗಡಿಯಲ್ಲೇ ಉಳಿಯಿತು. ಶಟರು ಎಳೆಯುವಾಗ ನನಗೆ ಅಳು ಬಂತು.

ಆಮೇಲೆ ಅವರ ಮನೆಯವರು ಒಮ್ಮೆ ಫೋನು ಮಾಡಿ ವಿಷಯ ತಿಳಿಸಿದರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮೆಷಿನ್ ಹಾಕಿಸಿದ್ದಾರೆ. ಅದರಲ್ಲಿ ಫ್ಯಾನಿನ ಸದ್ದೂ ಒಗ್ಗರಣೆಯ ಸದ್ದೂ ಒಂದೇ ತರ ಕೇಳುತ್ತದಂತೆ. ಹಾಗಾಗಿ ಹೆಚ್ಚು ಹೊತ್ತು ಅದು ಕಿಸೆಯಲ್ಲೇ ಇರುತ್ತದೆ.

ಹೋದ ಬೇಸಿಗೆಯಲ್ಲಿ ಜಯಪುರದಲ್ಲೊಂದು ಮದುವೆಗೆ ಹೋಗಿದ್ದೆ. ಕೈತೊಳೆಯಲು ಹಿಂದಕ್ಕೆ ಹೋದರೆ, ಕೇಟರಿಂಗಿನವರ ಟೆಂಪೋ ನೆರಳಿನಲ್ಲಿ ಭಟ್ಟರು ಚಾಪೆ ಹಾಕಿಕೊಂಡು ಕೂತಿದ್ದರು. ಸುತ್ತ ಬೂದುಗುಂಬಳದ ರಾಶಿ. ಈಗ ಅವರು ಒಲೆಯ ಹತ್ತಿರ ಹೋಗುವುದಿಲ್ಲ, ಬೇರೆಯವರ ಅಡುಗೆಗೆ ತರಕಾರಿ ಹೆಚ್ಚಿ ಕೊಡುತ್ತಾರೆ. ಹೆಚ್ಚುವುದಕ್ಕೆ ಕಿವಿ ಬೇಡವಲ್ಲ. ಹೋಳುಗಳೆಲ್ಲ ಒಂದೇ ಅಳತೆಗೆ ಬೀಳುತ್ತಿದ್ದವು.

ನನ್ನನ್ನು ಕಂಡು ಕತ್ತಿ ನಿಲ್ಲಿಸಿದರು. ಹೇಗಿದ್ದೀಯ ಎಂದು ಕೇಳಲಿಲ್ಲ. ಎಡಗೈಯನ್ನು ಪಕ್ಕಕ್ಕೆ ಚಾಚಿ, ಗಾಡಿಯ ಎಡಗಡೆ ಎಂಬಂತೆ ತೋರಿಸಿ, “ಒಡೀತಾ?” ಎಂದರು.

ಇಲ್ಲ ಎಂದು ತಲೆಯಾಡಿಸಿದೆ. ಓಡದ ಗಾಡಿಯ ಸೈಲೆನ್ಸರು ಎಲ್ಲಿಂದ ಒಡೆಯಬೇಕು?

ಅದು ಅವರಿಗೂ ಗೊತ್ತಿತ್ತು. ಆದರೂ ಪಕ್ಕದಲ್ಲಿ ಹೆಚ್ಚುತ್ತಿದ್ದವನಿಗೆ ನನ್ನನ್ನು ತೋರಿಸಿ, “ನೋಡು, ಇವನ ಕೈಗುಣ” ಎಂದರು. ಮತ್ತೆ ಬಗ್ಗಿ ಕುಂಬಳಕಾಯಿ ಎತ್ತಿಕೊಂಡರು.